ಕೆಲಸದಿಂದ ತೆಗೆದರೆ ಎಲ್ಲಿಗೆ ಹೋಗಬೇಕು? ಲೇಬರ್ ಕೋರ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲಿ ಒಂದು ಸಣ್ಣ ಯೂನಿಯನ್ ಆಫೀಸಿದೆ. ಸಂಜೆ ಹೊತ್ತು ಅಲ್ಲಿ ಕೂತು ಅರ್ಜಿ ಬರೆದುಕೊಡುತ್ತೇನೆ. ಶಿಫ್ಟ್ ಮುಗಿಸಿಕೊಂಡು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ತುಂಬಾ ಜನ ಬರುವುದು ತಡವಾದ ಮೇಲೆ. ಕೆಲಸ ಹೋದ ಮೊದಲ ವಾರದಲ್ಲೇ ಗೊತ್ತಿದ್ದರೆ ಕೇಸ್ ಎಷ್ಟೋ ಗಟ್ಟಿಯಾಗಿರುತ್ತಿತ್ತಲ್ಲ ಅಂತ ಪ್ರತಿ ಸಲ ಅನಿಸುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

"ನಾಳೆಯಿಂದ ಬರಬೇಡ" ಅಂತ ಬಾಯಲ್ಲೇ ಹೇಳಿ ಕಳಿಸಿದರು. ಈಗ ಏನು ಮಾಡಲಿ?

ನಾಳೆ ಹೋಗಿ. ದಿನಾ ಹೋಗುವ ಹೊತ್ತಿಗೇ, ಐಡಿ ಕಾರ್ಡ್ ಹಾಕಿಕೊಂಡು ಹೋಗಿ. ಸೆಕ್ಯುರಿಟಿಯವರು ಗೇಟಿನಲ್ಲಿ ತಡೆದರೆ ಜಗಳ ಆಡಬೇಡಿ. ಗೇಟಿನ ಮುಂದೆ ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಒಳಗೆ ಹೋಗುತ್ತಿದ್ದ ಒಬ್ಬಿಬ್ಬರು ಜೊತೆಗಾರರ ಹೆಸರು ನೆನಪಿಟ್ಟುಕೊಳ್ಳಿ.

ಅವತ್ತೇ ಒಂದು ಪತ್ರ ಬರೆಯಿರಿ. ನಾಲ್ಕು ಸಾಲು ಸಾಕು: "ಇಂಥ ದಿನ ಇಷ್ಟು ಗಂಟೆಗೆ ಕೆಲಸಕ್ಕೆ ಬಂದಿದ್ದೆ. ಗೇಟಿನಲ್ಲಿ ತಡೆದರು. ಕಾರಣ ಹೇಳಲಿಲ್ಲ, ಪತ್ರವನ್ನೂ ಕೊಡಲಿಲ್ಲ. ನಾನು ಕೆಲಸ ಬಿಟ್ಟಿಲ್ಲ, ಈಗಲೂ ಕೆಲಸ ಮಾಡಲು ಸಿದ್ಧನಿದ್ದೇನೆ." ಕನ್ನಡದಲ್ಲೇ ಬರೆಯಿರಿ. ರಿಜಿಸ್ಟರ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಪತ್ರದ ಜೆರಾಕ್ಸಿಗೆ ಪಿನ್ ಹೊಡೆದು ಇಟ್ಟುಕೊಳ್ಳಿ. ಎಚ್‌ಆರ್ ಅವರ ವಾಟ್ಸಾಪ್‌ಗೂ ಹಾಕಿ.

ಇಷ್ಟೊಂದು ಯಾಕೆ ಅಂತ ಕೇಳಬಹುದು. ಕೋರ್ಟಿಗೆ ಹೋದ ಮೇಲೆ ಮ್ಯಾನೇಜ್‌ಮೆಂಟ್ ಕಡೆಯಿಂದ ಜಾಸ್ತಿ ಬರುವ ಉತ್ತರ ಒಂದೇ. "ನಾವು ತೆಗೆದೇ ಇಲ್ಲ, ಅವರೇ ಬಿಟ್ಟು ಹೋದರು." ಬಾಯಲ್ಲಿ ಹೇಳಿ ಕಳಿಸಿದ್ದಕ್ಕೆ ಬೇರೆ ಯಾವ ದಾಖಲೆಯೂ ಇರುವುದಿಲ್ಲ. ಆ ಒಂದು ರಸೀದಿ ಇರುತ್ತದೆ.

ರಾಜೀನಾಮೆಗೆ ಬಲವಂತವಾಗಿ ಸೈನ್ ಹಾಕಿಸಿಕೊಂಡರು. ಮುಗಿದೇ ಹೋಯಿತಾ?

ಇಲ್ಲ. ಆದರೆ ಒಂದು ದಿನವೂ ತಡ ಮಾಡಬೇಡಿ. ಅವತ್ತೇ ಪತ್ರ ಅಥವಾ ಇಮೇಲ್ ಕಳಿಸಿ. ನನ್ನ ಇಷ್ಟದಿಂದ ಕೊಟ್ಟದ್ದಲ್ಲ, ಇಂಥವರ ಮುಂದೆ ಬಲವಂತ ಮಾಡಿ ಬರೆಸಿಕೊಂಡರು, ಇದನ್ನು ವಾಪಸ್ ಪಡೆಯುತ್ತಿದ್ದೇನೆ ಅಂತ ಬರೆಯಿರಿ. ರಾಜೀನಾಮೆ ಒಪ್ಪಿಕೊಳ್ಳುವ ಮೊದಲು ಅದನ್ನು ವಾಪಸ್ ಪಡೆಯಬಹುದು ಅನ್ನುವುದು ಕೋರ್ಟುಗಳು ಒಪ್ಪಿರುವ ಮಾತು.

ಇದು ನನಗೆ ಓದಿ ಬಂದ ತಿಳುವಳಿಕೆ ಅಲ್ಲ. ನನಗೆ 24 ವರ್ಷ ಇದ್ದಾಗ ಒಂದು ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಆಫೀಸ್ ರೂಮಿಗೆ ಕರೆದು ಮೂರು ಖಾಲಿ ಹಾಳೆಗಳ ಮೇಲೆ ಸೈನ್ ಹಾಕು ಅಂದರು. ಹಾಕಿದರೆ ಬಾಕಿ ಸಂಬಳ ಈಗಲೇ ಕೈಗೆ ಅಂದರು. ಹಾಕಿದೆ. ಹಾಳೆಯ ಕೆಳಗಡೆ, ಬಲಗಡೆ ಮೂಲೆಯಲ್ಲಿ ಬೆರಳಿಟ್ಟು ತೋರಿಸಿದ ಜಾಗದಲ್ಲೇ ಹಾಕಿದೆ. ಮೇಲೆ ರಾಜೀನಾಮೆ ಟೈಪ್ ಆಗಲು ಜಾಗ ಬಿಟ್ಟಿದ್ದರು ಅಂತ ಗೊತ್ತಾಗಿದ್ದು ಎರಡು ತಿಂಗಳ ನಂತರ, ಲೇಬರ್ ಆಫೀಸರ್ ಆ ಹಾಳೆಯನ್ನು ನನ್ನ ಮುಂದೆ ಇಟ್ಟಾಗ. "ಅಷ್ಟು ದಿನ ಯಾಕಪ್ಪ ಸುಮ್ಮನಿದ್ದೆ?" ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಖಾಲಿ ಹಾಳೆಗೆ ಸೈನ್ ಹಾಕಬೇಡಿ. ಬರೆದಿರುವ ಹಾಳೆಯಾದರೆ ಸೈನ್ ಪಕ್ಕದಲ್ಲಿ ನಿಮ್ಮ ಕೈಯಾರೆ ಅವತ್ತಿನ ತಾರೀಖು ಹಾಕಿ. ನೋಟಿಸ್ ಕೊಟ್ಟರೆ "ಪ್ರತಿ ಪಡೆದಿದ್ದೇನೆ, ಒಪ್ಪಿಗೆ ಇಲ್ಲ" ಅಂತ ಬರೆದು ಸೈನ್ ಹಾಕಿ.

ಪೊಲೀಸ್ ಸ್ಟೇಷನ್‌ಗೆ ಹೋಗಲಾ, ಲೇಬರ್ ಆಫೀಸಿಗೆ ಹೋಗಲಾ?

ಹೊಡೆದಿದ್ದರೆ, ಕೂಡಿಹಾಕಿದ್ದರೆ, ಬೆದರಿಸಿದ್ದರೆ ಪೊಲೀಸ್. ಕೆಲಸದಿಂದ ತೆಗೆದದ್ದು, ಸಂಬಳ, ಗ್ರಾಚುಯಿಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಬರುವ ದುಡ್ಡು) ಇವಕ್ಕೆ ಕಾರ್ಮಿಕ ಇಲಾಖೆ. ಕಾರ್ಮಿಕ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿ, ತಾಲೂಕುಗಳಲ್ಲಿ ಕಾರ್ಮಿಕ ನಿರೀಕ್ಷಕರು ಇರುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ.

ಬ್ಯಾಂಕು, ರೈಲ್ವೆಯಂಥ ಕಡೆ ಕೆಲಸ ಮಾಡುವವರಿಗೆ ಕೇಂದ್ರ ಸರ್ಕಾರದ ಲೇಬರ್ ಕಮಿಷನರ್ ಕಚೇರಿಯೇ ಬೇರೆ, ಕೋರ್ಟೂ ಬೇರೆ. ಅದೂ ಬೆಂಗಳೂರಿನಲ್ಲೇ ಇದೆ.

ಹೊಸ ಕಾನೂನು ಬಂದಿದೆಯಂತೆ. ಲೇಬರ್ ಕೋರ್ಟೇ ಇರಲ್ಲವಂತೆ, ನಿಜಾನಾ?

ಅರ್ಧ ನಿಜ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾನೂನುಗಳ ಜಾಗಕ್ಕೆ ಇವು ಬಂದಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಆ 29ರಲ್ಲಿ ಒಂದು. ಹೊಸ ಸಂಹಿತೆಯಲ್ಲಿ ಲೇಬರ್ ಕೋರ್ಟ್ ಬದಲು ಇಬ್ಬರು ಸದಸ್ಯರ ಕೈಗಾರಿಕಾ ಟ್ರಿಬ್ಯೂನಲ್ ಇರುತ್ತದೆ. ಒಬ್ಬರು ನ್ಯಾಯಾಂಗದ ಕಡೆಯವರು, ಇನ್ನೊಬ್ಬರು ಆಡಳಿತದ ಕಡೆಯವರು. ಆ ಟ್ರಿಬ್ಯೂನಲ್‌ಗಳು ಆಗುವ ತನಕ ಈಗಿರುವ ಕೋರ್ಟುಗಳೇ ಹಳೇ ಕೇಸು, ಹೊಸ ಕೇಸು ಎರಡನ್ನೂ ನಡೆಸಬೇಕು ಅಂತ ಕೇಂದ್ರ 2025ರ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. ಹಾಗಾಗಿ ಬಾಗಿಲು ಮುಚ್ಚಿಲ್ಲ. ಜನ ಇನ್ನೂ ಲೇಬರ್ ಕೋರ್ಟ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಿಮಗೆ ತಾಗುವ ದೊಡ್ಡ ಬದಲಾವಣೆ ಗಡುವಿನದು. ಮೊದಲು ಕೆಲಸದಿಂದ ತೆಗೆದವರಿಗೆ 3 ವರ್ಷ ಕಾಲಾವಕಾಶ ಇತ್ತು. ಈಗ ವಿವಾದ ಹುಟ್ಟಿ 2 ವರ್ಷ ಆದ ಮೇಲೆ ಅಧಿಕಾರಿ ಸಂಧಾನ ನಡೆಸುವ ಹಾಗಿಲ್ಲ. "ಊರಲ್ಲಿ ಸ್ವಲ್ಪ ದಿನ ಇದ್ದು ಬಂದು ನೋಡೋಣ" ಅಂತ ಕೂರುವ ಕಾಲ ಅಲ್ಲ ಇದು.

ನಾನು ಸೂಪರ್‌ವೈಸರ್. ನನಗೂ ಅನ್ವಯಿಸುತ್ತಾ? ನಾನು ಐಟಿಯಲ್ಲಿದ್ದೇನೆ, ನನಗೆ?

ಹುದ್ದೆಯ ಹೆಸರು ಮುಖ್ಯ ಅಲ್ಲ, ನೀವು ದಿನಾ ಮಾಡುವ ಕೆಲಸ ಮುಖ್ಯ. ಕೈಕೆಲಸ, ಕ್ಲರ್ಕ್ ಕೆಲಸ, ಟೆಕ್ನಿಕಲ್ ಕೆಲಸ ಮಾಡುವವರು ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರು. ಮ್ಯಾನೇಜರ್ ಅಧಿಕಾರ ಚಲಾಯಿಸುವವರು ಅಲ್ಲ. ಮೇಲ್ವಿಚಾರಣೆಯೇ ಮುಖ್ಯ ಕೆಲಸವಾಗಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳ ಇದ್ದರೆ ಅವರೂ ಹೊರಗೆ.

"ಎಕ್ಸಿಕ್ಯುಟಿವ್" ಅಂತ ಕಾರ್ಡ್ ಕೊಟ್ಟು ಮೆಷಿನ್ ಮುಂದೆ ನಿಲ್ಲಿಸುವ ಕಡೆಗಳಿವೆ. ಅಂಥವರು ಹೆದರಬೇಕಿಲ್ಲ. ಯಾರ ರಜೆ ನೀವು ಮಂಜೂರು ಮಾಡುತ್ತಿದ್ದಿರಿ, ಯಾರಿಗೆ ಮೆಮೊ ಕೊಡುವ ಅಧಿಕಾರ ನಿಮಗಿತ್ತು ಅಂತ ಕೋರ್ಟ್ ಕೇಳುತ್ತದೆ. ಯಾರದ್ದೂ ಇಲ್ಲ ಅಂದರೆ ನೀವು ಕಾರ್ಮಿಕರೇ. ಐಟಿಯವರಿಗೂ ಇದೇ ಅಳತೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಾ ಬಂದದ್ದು ಸ್ಥಾಯಿ ಆದೇಶಗಳ, ಅಂದರೆ ಕಂಪನಿಯೊಳಗಿನ ಸೇವಾ ನಿಯಮಗಳ ಕಾನೂನಿನಿಂದ. ಕೋಡ್ ಬರೆಯುವವರು ಕೇಸ್ ಹಾಕುವ ಹಾಗಿಲ್ಲ ಅಂತ ಅದರ ಅರ್ಥ ಅಲ್ಲ.

ಶಾಲಾ ಶಿಕ್ಷಕರು ಈ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅವರ ದಾರಿ ಬೇರೆ. ಆದರೆ ಸಂಬಳ ಬಾಕಿ ಕೇಳಲು ಕಾರ್ಮಿಕ ಆಗಿರಲೇಬೇಕು ಅಂತಿಲ್ಲ. ವೇತನ ಸಂಹಿತೆಯಲ್ಲಿ ಮ್ಯಾನೇಜರುಗಳೂ ಬರುತ್ತಾರೆ.

ನಮ್ಮದು ಫ್ಯಾಕ್ಟರಿ ಅಲ್ಲ, ಆಸ್ಪತ್ರೆ. ಲೇಬರ್ ಕೋರ್ಟಿಗೆ ಬರುತ್ತಾ?

ಈ ಪ್ರಶ್ನೆಗೆ ದೇಶಕ್ಕೆಲ್ಲ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನ ನೀರಿನ ಬೋರ್ಡಿನ ಕೇಸಿನಿಂದ. ಬೆಂಗಳೂರು ಜಲಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡಿದುಕೊಂಡಿತ್ತು. ಅವರು ಲೇಬರ್ ಕೋರ್ಟಿಗೆ ಹೋದರು. ನಾವು ಜನರಿಗೆ ನೀರು ಕೊಡುವವರು, ನಮ್ಮದು "ಉದ್ಯಮ" ಅಲ್ಲ, ಈ ಕೋರ್ಟಿಗೆ ಅಧಿಕಾರ ಇಲ್ಲ ಅಂತ ಮಂಡಳಿ ವಾದ ಮಾಡಿತು. ಆ ಸಣ್ಣ ದಂಡದ ಜಗಳ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತನಕ ಹೋಯಿತು. 1978ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಮಾಲೀಕರು ಮತ್ತು ನೌಕರರು ಸೇರಿ ವ್ಯವಸ್ಥಿತವಾಗಿ ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಕೊಡುತ್ತಿದ್ದರೆ ಅದು ಉದ್ಯಮವೇ, ಲಾಭ ಇಲ್ಲದಿದ್ದರೂ ಸರಿ ಅಂತ ಹೇಳಿದರು. ಆಸ್ಪತ್ರೆ, ಕ್ಲಬ್, ಸಂಸ್ಥೆಗಳ ನೌಕರರಿಗೆ ಬಾಗಿಲು ತೆರೆದದ್ದು ಹಾಗೆ.

ಹೊಸ ಸಂಹಿತೆ ಈ ಬಾಗಿಲನ್ನು ಸ್ವಲ್ಪ ಕಿರಿದು ಮಾಡಿದೆ. ದಾನಧರ್ಮದ, ಸಮಾಜಸೇವೆಯ ಸಂಸ್ಥೆಗಳು, ಮನೆಕೆಲಸ ಇವು ಹೊರಗೆ. ಖಾಸಗಿ ಆಸ್ಪತ್ರೆಯ ನೌಕರರು ಅರ್ಜಿ ಹಾಕಿಯೇ ಹಾಕಿ.

ಲೇಬರ್ ಆಫೀಸಿನಲ್ಲಿ ಏನಾಗುತ್ತದೆ?

ನೀವು ಅರ್ಜಿ ಕೊಟ್ಟ ಮೇಲೆ ಅಧಿಕಾರಿ ಎರಡೂ ಕಡೆಯವರನ್ನು ಕರೆಸಿ ರಾಜಿ ಸಂಧಾನ ಮಾಡಿಸುತ್ತಾರೆ. ಸಾಮಾನ್ಯವಾಗಿ 45 ದಿನದೊಳಗೆ ಮುಗಿಸಬೇಕು. ಅವರು ತೀರ್ಪು ಕೊಡುವವರಲ್ಲ, ಮಧ್ಯದಲ್ಲಿ ಕೂರುವವರು. ರಾಜಿ ಆಗದಿದ್ದರೆ ವರದಿ ಬರೆಯುತ್ತಾರೆ. ಆ ವರದಿ ನಿಮಗೆ ಸಿಕ್ಕ 90 ದಿನದೊಳಗೆ ನೀವೇ ನೇರವಾಗಿ ಟ್ರಿಬ್ಯೂನಲ್‌ಗೆ (ಅದು ಆಗುವ ತನಕ ಈಗಿರುವ ಲೇಬರ್ ಕೋರ್ಟಿಗೆ) ಅರ್ಜಿ ಹಾಕಬೇಕು. ಈ 90 ದಿನವನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಸಂಧಾನಕ್ಕೆ ಕಂಪನಿಯವರು ಒಂದೆರಡು ಸಲ ಬರದೇ ಇರಬಹುದು. ನೀವು ಮಾತ್ರ ತಪ್ಪಿಸಬೇಡಿ. ಅವರು ಒಂದಿಷ್ಟು ದುಡ್ಡು ಕೊಡುತ್ತೇವೆ ಅಂದರೆ ಅಲ್ಲೇ ತಲೆಯಾಡಿಸಬೇಡಿ. ಗ್ರಾಚುಯಿಟಿ, ನೋಟಿಸ್ ಪೇ, ಬಾಕಿ ರಜೆ, ಬೋನಸ್ ಎಲ್ಲ ಬೇರೆ ಬೇರೆ ಲೆಕ್ಕ ಹಾಕಿ. ಹೇಗೂ ನಿಮಗೆ ಬರಬೇಕಾದ ದುಡ್ಡನ್ನೇ "ರಾಜಿ ದುಡ್ಡು" ಅಂತ ಕೊಡುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕೋರ್ಟಿನಲ್ಲಿ ಹೇಗೆ ನಡೆಯುತ್ತದೆ? ನನಗೆ ಭಯ.

ಸಿನಿಮಾದ ಕೋರ್ಟ್ ತರ ಇರಲ್ಲ. ಕರ್ನಾಟಕದ ಲೇಬರ್ ಕೋರ್ಟುಗಳಲ್ಲಿ ಕಾರ್ಮಿಕರನ್ನು ಮೊದಲನೇ ಪಾರ್ಟಿ ಅಂತಲೂ ಮ್ಯಾನೇಜ್‌ಮೆಂಟನ್ನು ಎರಡನೇ ಪಾರ್ಟಿ ಅಂತಲೂ ಕರೆಯುತ್ತಾರೆ. ನೀವು ಸಾಕ್ಷಿ ಹೇಳಿದರೆ ನೀವು ಡಬ್ಲ್ಯೂಡಬ್ಲ್ಯೂ 1, ಅಂದರೆ ಕಾರ್ಮಿಕರ ಕಡೆಯ ಒಂದನೇ ಸಾಕ್ಷಿ. ನಿಮ್ಮ ಕಾಗದಗಳಿಗೆ ಡಬ್ಲ್ಯೂ ಅಂತ ನಂಬರ್, ಅವರ ಕಾಗದಗಳಿಗೆ ಎಂ ಅಂತ ನಂಬರ್. ಮೊದಲು ನಿಮ್ಮ ಕ್ಲೇಮ್ ಸ್ಟೇಟ್‌ಮೆಂಟ್, ಆಮೇಲೆ ಅವರ ಉತ್ತರ, ನಂತರ ಸಾಕ್ಷಿ, ಪಾಟಿಸವಾಲು, ವಾದ. ಕೊನೆಗೆ ಬರುವ ತೀರ್ಪಿಗೆ ಅವಾರ್ಡ್ ಅಂತಾರೆ.

ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದ ಒಬ್ಬ ಅಕ್ಕನ ವಿಷಯ ಹೇಳಬೇಕು. ಅವರ ಹತ್ತಿರ ಸಂಬಳದ ಚೀಟಿಗಳು ಪೂರ್ತಿ ಇರಲಿಲ್ಲ. ಓವರ್‌ಟೈಮ್ ಮಾಡಿಸಿದ್ದಕ್ಕೆ ಕಂಪನಿ ಕಾಗದದಲ್ಲಿ ಏನೂ ಇರಲಿಲ್ಲ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅಡುಗೆಮನೆಯ ಗೋಡೆ ಕ್ಯಾಲೆಂಡರ್ ತಂದರು. ಪ್ರತಿ ಚೌಕದಲ್ಲಿ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ ಇತ್ತು. ಅರ್ಧ ಲೀಟರ್, ಒಂದು ಲೀಟರ್, ಇಲ್ಲ. ಅದರ ಕೆಳಗೆ ಸಣ್ಣಕ್ಕೆ "ಓಟಿ 2", "ಓಟಿ 3". ಒಂದು ಚೌಕದಲ್ಲಿ "ರಜೆ, ಮಗುಗೆ ಜ್ವರ". ಎಣ್ಣೆ ಕೈ ತಾಗಿ ಕೆಲವು ಕಡೆ ಕಾಗದ ಪಾರದರ್ಶಕ ಆಗಿತ್ತು. ಅದನ್ನೂ ನಂಬರ್ ಹಾಕಿ ದಾಖಲೆಗೆ ಸೇರಿಸಿದೆವು. ಪಾಟಿಸವಾಲಿನಲ್ಲಿ ಆ ಕಡೆ ಲಾಯರ್ ಕೇಳಿದರು: "ಇದನ್ನ ಕೇಸಿಗೋಸ್ಕರ ಆಮೇಲೆ ಕೂತು ಬರೆದಿದ್ದಲ್ವಾ?" ಅಕ್ಕ ಒಂದು ಕ್ಷಣ ಸುಮ್ಮನಿದ್ದರು. "ಸಾರ್, ಹಾಲಿನ ಲೆಕ್ಕ ನೋಡಿ. ಅದನ್ನೂ ಕೇಸಿಗೋಸ್ಕರ ಬರ್ಕೊಂಡೆನಾ?" ಅಂದರು. ಮುಂದಿನ ಪ್ರಶ್ನೆ ಬೇರೆ ವಿಷಯಕ್ಕೆ ಹೋಯಿತು.

ನಿಮ್ಮ ಹತ್ತಿರ ದೊಡ್ಡ ದಾಖಲೆ ಇಲ್ಲ ಅಂತ ಕೈ ಚೆಲ್ಲಬೇಡಿ. ಬ್ಯಾಂಕ್ ಪಾಸ್‌ಬುಕ್, ಬಸ್ ಪಾಸ್, ಇಎಸ್‌ಐ ಚೀಟಿ, ವಾಟ್ಸಾಪ್ ಗ್ರೂಪಿನಲ್ಲಿ ಬಂದ ಶಿಫ್ಟ್ ಮೆಸೇಜ್, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್ ಎಲ್ಲವೂ ದಾಖಲೆಯೇ.

ಲಾಯರ್ ಇಡಲೇಬೇಕಾ? ಫೀಸಿಗೆ ದುಡ್ಡಿಲ್ಲ.

ಇಡಲೇಬೇಕು ಅಂತಿಲ್ಲ. ಯೂನಿಯನ್ ಪದಾಧಿಕಾರಿಗಳು ನಿಮ್ಮ ಪರವಾಗಿ ನಡೆಸಬಹುದು. ಹೇಳಬೇಕು ಅಂದರೆ, ಇಲ್ಲಿ ಲಾಯರ್ ಬರಲು ಎದುರು ಪಾರ್ಟಿಯ ಒಪ್ಪಿಗೆ ಮತ್ತು ಕೋರ್ಟಿನ ಅನುಮತಿ ಬೇಕು ಅನ್ನುವುದು ಮೊದಲಿನಿಂದ ಬಂದ ನಿಯಮ. ಸಿವಿಲ್ ಕೋರ್ಟಿನಂತೆ ಕೇಳುವ ಹಣಕ್ಕೆ ತಕ್ಕ ಕೋರ್ಟ್ ಫೀಸೂ ಕಟ್ಟಬೇಕಿಲ್ಲ.

ಉಚಿತ ಕಾನೂನು ನೆರವಿನ ವಿಷಯ ತುಂಬಾ ಜನಕ್ಕೆ ಗೊತ್ತೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟ್ ಆವರಣದಲ್ಲಿ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಸಸ್ಪೆಂಡ್ ಮಾಡಿ ಎನ್‌ಕ್ವೈರಿ ಅಂತಿದ್ದಾರೆ. ಹೋಗದಿದ್ದರೆ ಏನಾಗುತ್ತದೆ?

ಹೋಗಿ. ಕೋಪದಲ್ಲಿ ಹೋಗದೇ ಇರುವುದೇ ದೊಡ್ಡ ತಪ್ಪು. ನೀವು ಬರಲಿಲ್ಲ ಅಂತ ಬರೆದು ಏಕಪಕ್ಷೀಯವಾಗಿ ಮುಗಿಸಿಬಿಡುತ್ತಾರೆ. ಮುಂದೆ ಕೋರ್ಟಿನಲ್ಲಿ "ಅವಕಾಶ ಕೊಟ್ಟಿದ್ದೆವು, ಅವರೇ ಬರಲಿಲ್ಲ" ಅನ್ನುತ್ತಾರೆ.

ಮೊದಲು ಆರೋಪ ಪಟ್ಟಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಎನ್‌ಕ್ವೈರಿಯನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ನಡೆಸಿ ಅಂತ ಕೇಳಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೇಳಿಕೆಗೆ ಓದಿಸಿಕೊಳ್ಳದೆ ಸೈನ್ ಹಾಕಬೇಡಿ. ನಿಮ್ಮ ಜೊತೆ ಸಹಾಯಕ್ಕೆ ಒಬ್ಬ ಸಹೋದ್ಯೋಗಿ ಬೇಕು ಅಂತ ಕೇಳಿ. ಕಂಪನಿ ಕಡೆಯ ಸಾಕ್ಷಿಗಳಿಗೆ ನೀವು ಪ್ರಶ್ನೆ ಕೇಳಬಹುದು. ಪ್ರತಿ ದಿನದ ನಡಾವಳಿಯ ಪ್ರತಿ ತೆಗೆದುಕೊಳ್ಳಿ.

ಸಸ್ಪೆಂಡ್ ಆಗಿರುವಾಗ ಮೊದಲ 90 ದಿನ ಅರ್ಧ ಸಂಬಳ, ನಿಮ್ಮ ತಪ್ಪಿಲ್ಲದೆ ಮುಂದೆ ಎಳೆದರೆ 75 ಶೇಕಡ ಜೀವನಾಧಾರ ಭತ್ಯೆ ಕೊಡಬೇಕು. ಎನ್‌ಕ್ವೈರಿ ಸರಿಯಾಗಿ ನಡೆದಿದ್ದರೂ, ತಪ್ಪಿಗಿಂತ ಶಿಕ್ಷೆ ಜಾಸ್ತಿ ಅನಿಸಿದರೆ ಅದನ್ನು ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿದೆ. ಹತ್ತು ವರ್ಷ ದುಡಿದವರನ್ನು ಒಂದು ದಿನದ ಮಾತಿನ ಜಗಳಕ್ಕೆ ತೆಗೆದರೆ ಕೋರ್ಟ್ ಆ ಹತ್ತು ವರ್ಷವನ್ನೂ ನೋಡುತ್ತದೆ.

240 ದಿನ ಅಂದರೆ ಏನು?

ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷ ನಿರಂತರ ಸೇವೆ ಅಂತ ಲೆಕ್ಕ. ಆಮೇಲೆ ಸುಮ್ನೆ ತೆಗೆಯುವ ಹಾಗಿಲ್ಲ. ಕೆಲಸ ಕಡಿಮೆ ಅಂತ ತೆಗೆದರೂ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಸೇವೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಅನ್ನುವ ನಿಯಮವೂ ಇದೆ.

ಕಷ್ಟ ಏನೆಂದರೆ 240 ದಿನ ಮಾಡಿದ್ದೇನೆ ಅಂತ ತೋರಿಸುವ ಹೊಣೆ ಮೊದಲು ನಿಮ್ಮದು. ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹಾಗೆ ಹೇಳಿತು. ಬರೀ ಅಫಿಡವಿಟ್ ಸಾಲದು ಅಂದಿತು. ಇನ್ನೊಂದು ಕೇಸು ಹುಬ್ಬಳ್ಳಿ ಲೇಬರ್ ಕೋರ್ಟಿನಲ್ಲಿ ಶುರುವಾಗಿದ್ದು. ಒಬ್ಬ ದಿನಗೂಲಿ ನೌಕರರದು. ಅವರ ಕೈಯಲ್ಲಿ ಎಂಜಿನಿಯರ್ ಕೊಟ್ಟ ಒಂದು ಸರ್ಟಿಫಿಕೇಟ್ ಇತ್ತು. ಹಾಜರಿ ಪುಸ್ತಕ ತರಿಸಿ ಅಂತಲೂ ಕೇಳಿದ್ದರು. 2005ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಹಾಗಾಗಿ ಸಾಕ್ಷಿ ಕಟ್ಟೆ ಹತ್ತಿ ನಿಮ್ಮ ಮಾತು ಹೇಳಿ. ಜೊತೆಗೆ ಕಂಪನಿಯ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ತರಿಸಿ ಅಂತ ಅರ್ಜಿ ಹಾಕಿ. ಎರಡನೆಯದನ್ನು ಮರೆಯುವವರೇ ಜಾಸ್ತಿ.

ನಾನು ಕಾಂಟ್ರಾಕ್ಟರ್ ಕಡೆಯವನು. ಕಂಪನಿಯವರು "ನಮಗೆ ಸಂಬಂಧ ಇಲ್ಲ" ಅಂತಾರೆ.

ಸಂಬಳದ ವಿಷಯದಲ್ಲಿ ಸಂಬಂಧ ಇದ್ದೇ ಇದೆ. ಕಾಂಟ್ರಾಕ್ಟರ್ ಕೊಡದಿದ್ದರೆ ಮೂಲ ಮಾಲೀಕರು, ಅಂದರೆ ಆ ಕಂಪನಿಯವರು ಕೊಡಬೇಕು, ಆಮೇಲೆ ಅವರು ಕಾಂಟ್ರಾಕ್ಟರ್ ಹತ್ತಿರ ವಸೂಲಿ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಇಬ್ಬರನ್ನೂ ಪಾರ್ಟಿ ಮಾಡಿ. ಗೇಟ್ ಪಾಸ್ ಮೇಲೆ ಯಾವ ಕಂಪನಿಯ ಹೆಸರಿದೆ, ರಜೆ ಯಾರನ್ನು ಕೇಳುತ್ತಿದ್ದಿರಿ, ಕೆಲಸ ಯಾರು ಹೇಳುತ್ತಿದ್ದರು, ಇವನ್ನೆಲ್ಲ ಬರೆಯಿರಿ.

ಫೈನಲ್ ಸೆಟಲ್‌ಮೆಂಟ್ ತಿಂಗಳುಗಟ್ಟಲೆ ಆದರೂ ಕೊಟ್ಟಿಲ್ಲ. ಗ್ರಾಚುಯಿಟಿ ಎಷ್ಟು ಬರುತ್ತದೆ?

ಸಂಬಳದ ಬಾಕಿಗೆ ತಿಂಗಳುಗಟ್ಟಲೆ ಕಾಯುವ ಅಗತ್ಯವೇ ಇಲ್ಲ. ಈಗಿನ ವೇತನ ಸಂಹಿತೆ ಪ್ರಕಾರ ತೆಗೆದರೂ ಸರಿ, ನೀವೇ ಬಿಟ್ಟರೂ ಸರಿ, ಎರಡು ಕೆಲಸದ ದಿನದೊಳಗೆ ಕೊಡಬೇಕು. ಕೊಡದಿದ್ದರೆ 3 ವರ್ಷದೊಳಗೆ ಅದಕ್ಕೆಂದೇ ಇರುವ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಬಾಕಿಯ ಮೇಲೆ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ.

ಗ್ರಾಚುಯಿಟಿ ಲೆಕ್ಕ ಸುಲಭ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸೇವೆಯ ವರ್ಷದಿಂದ ಗುಣಿಸಿ. 13,000 ರೂಪಾಯಿ ಇದ್ದು 8 ವರ್ಷ ಮಾಡಿದ್ದರೆ ದಿನಕ್ಕೆ 500, ವರ್ಷಕ್ಕೆ 7,500, ಒಟ್ಟು 60,000. ಕೊನೆಯ ವರ್ಷ ಆರು ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಅದನ್ನೂ ಪೂರ್ತಿ ವರ್ಷ ಅಂತ ಹಿಡಿಯಬೇಕು. ಗರಿಷ್ಠ 20 ಲಕ್ಷ. ಸಾಮಾನ್ಯವಾಗಿ 5 ವರ್ಷ ಸೇವೆ ಬೇಕು. ನಿಗದಿತ ಅವಧಿಗೆ ಸೇರಿದವರಿಗೆ ಈಗ ಒಂದು ವರ್ಷ ಸಾಕು. ಕೆಲಸದಲ್ಲಿದ್ದಾಗ ತೀರಿಕೊಂಡರೆ ಅಥವಾ ಅಂಗವಿಕಲರಾದರೆ 5 ವರ್ಷದ ಷರತ್ತಿಲ್ಲ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ರಾಜೀನಾಮೆ ಕೊಟ್ಟವರಿಗೆ ಬರಲ್ಲ ಅನ್ನುವುದು ಸುಳ್ಳು.

ಬೇಸಿಕ್ ಕಡಿಮೆ ತೋರಿಸಿ ಅಲೋಯನ್ಸ್ ಜಾಸ್ತಿ ತೋರಿಸುವ ಪದ್ಧತಿಗೂ ಈಗ ಕಡಿವಾಣ ಬಿದ್ದಿದೆ. ಹೊರಗಿಡುವ ಅಲೋಯನ್ಸುಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಹೆಚ್ಚಿನದು ವೇತನದ ಲೆಕ್ಕಕ್ಕೇ ಸೇರಬೇಕು.

ಪಿಎಫ್ ಕಟ್ಟಿಲ್ಲ. ಅದನ್ನೂ ಲೇಬರ್ ಕೋರ್ಟಿನಲ್ಲೇ ಕೇಳಲಾ?

ಬೇಡ, ಪಿಎಫ್ ಆಫೀಸಿಗೆ ದೂರು ಕೊಡಿ. ಸಂಬಳದಲ್ಲಿ ಹಿಡಿದು ಕಟ್ಟದೇ ಇರುವುದು ಅಪರಾಧ. ಯುಎಎನ್ ನಂಬರ್ (ನಿಮ್ಮ ಪಿಎಫ್ ನಂಬರ್) ಹಾಕಿ ನಿಮ್ಮ ಪಾಸ್‌ಬುಕ್ ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಪಿಎಫ್ ಅಂದರೆ ಕಾರ್ಮಿಕರಿಗೆ ಏನು ಅನ್ನುವುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ನೋಡಿದೆ. ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆಗೆ ಇಳಿದರು. ಹೆಚ್ಚಿನವರು ಹೆಣ್ಣುಮಕ್ಕಳು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅದರ ಲಾಭ ದೇಶದ ಎಲ್ಲ ಪಿಎಫ್ ಖಾತೆದಾರರಿಗೂ ಸಿಕ್ಕಿತು. ಆ ಅಕ್ಕಂದಿರ ಋಣ ನಮ್ಮೆಲ್ಲರ ಮೇಲಿದೆ.

ಬಸುರಿ ಅಂತ ಗೊತ್ತಾದ ಮೇಲೆ ಬರಬೇಡ ಅಂದರು.

ಅದು ಕಾನೂನಿಗೆ ವಿರುದ್ಧ. ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ. ಡಾಕ್ಟರ್ ಚೀಟಿಯ ಜೊತೆ ಬರವಣಿಗೆಯಲ್ಲಿ ರಜೆ ಕೇಳಿ, ಪ್ರತಿ ಇಟ್ಟುಕೊಳ್ಳಿ.

ಲೈಂಗಿಕ ಕಿರುಕುಳ ಆದರೆ 2013ರ ಕಾನೂನಿನ ಪ್ರಕಾರ 3 ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಬೇಕು. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಅಥವಾ ಮಾಲೀಕರೇ ತಪ್ಪು ಮಾಡಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಒಬ್ಬರೇ ಹೋಗಬೇಡಿ, ನಂಬಿಕೆಯವರನ್ನು ಕರೆದುಕೊಂಡು ಹೋಗಿ.

ಡೆಲಿವರಿ ಮಾಡ್ತೀನಿ. ಆ್ಯಪಿನಲ್ಲಿ ಐಡಿ ಬ್ಲಾಕ್ ಮಾಡಿದ್ದಾರೆ. ಯಾರನ್ನು ಕೇಳಲಿ?

ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ಮಾಡಿದೆ. ಅದರಲ್ಲಿ ಕಲ್ಯಾಣ ಮಂಡಳಿ ಇದೆ, ದೂರು ಕೇಳುವ ವ್ಯವಸ್ಥೆ ಇದೆ. ಕಾರಣ ಬರೆದು 14 ದಿನ ಮೊದಲು ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಬ್ಲಾಕ್ ಆದ ಸ್ಕ್ರೀನಿನ ಫೋಟೊ, ಕೊನೆಯ ವಾರದ ಟ್ರಿಪ್ಪುಗಳು, ಸಂಪಾದನೆಯ ಪುಟ ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ಆ್ಯಪ್ ಡಿಲೀಟ್ ಮಾಡಬೇಡಿ.

ಬಾಂಡ್ ಬರೆಸಿಕೊಂಡಿದ್ದಾರೆ. ಮಾರ್ಕ್ಸ್ ಕಾರ್ಡೂ ಅವರ ಹತ್ತಿರ ಇದೆ.

ಎರಡೂ ಬೇರೆ ವಿಷಯ. ಬಾಂಡ್ ಎಲ್ಲವೂ ಅಸಿಂಧು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಜಯಾ ಬ್ಯಾಂಕಿನ ಕೇಸಿನಲ್ಲಿ 3 ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಪರೀಕ್ಷೆ ನಡೆಸಿ ನೇಮಕ ಮಾಡುವ ಸರ್ಕಾರಿ ಬ್ಯಾಂಕು, ಆ ಖರ್ಚಿನ ಲೆಕ್ಕ ಕೋರ್ಟಿನ ಮುಂದೆ ಇತ್ತು. ನಿಮ್ಮ ಬಾಂಡಿನ ಮೊತ್ತಕ್ಕೂ ಅವರು ಮಾಡಿದ ಖರ್ಚಿಗೂ ಸಂಬಂಧ ಇದೆಯಾ ಅಂತ ಕೇಳಿ. ಮಾರ್ಕ್ಸ್ ಕಾರ್ಡ್ ಮಾತ್ರ ನಿಮ್ಮ ಸ್ವತ್ತು. ಬರವಣಿಗೆಯಲ್ಲಿ ವಾಪಸ್ ಕೇಳಿ, ಕೊಡದಿದ್ದರೆ ದೂರು ಕೊಡಿ.

ಎಷ್ಟು ವರ್ಷ ಹಿಡಿಯುತ್ತದೆ? ಗೆದ್ದರೆ ಏನು ಸಿಗುತ್ತದೆ?

ವರ್ಷಗಳೇ ಹಿಡಿಯುತ್ತವೆ. ಅದನ್ನು ಮುಚ್ಚಿಡುವುದಿಲ್ಲ. ಗೆದ್ದ ಮೇಲೂ ಕಂಪನಿ ಹೈಕೋರ್ಟಿಗೆ ಹೋಗಬಹುದು. ತಿಂಗಳ ಸಂಬಳದಲ್ಲಿ ಬದುಕುವವರಿಗೆ ಈ ತಡವೇ ಒಂದು ಶಿಕ್ಷೆ. ಇದು ಬದಲಾಗಬೇಕು ಅಂತ ಪ್ರತಿ ಸಭೆಯಲ್ಲೂ ನಾವು ಕೇಳುತ್ತಲೇ ಇದ್ದೇವೆ.

ಗೆದ್ದರೆ ಕೆಲಸ ವಾಪಸ್, ಹಿಂಬಾಕಿ ಸಂಬಳ, ಸೇವೆಯ ಮುಂದುವರಿಕೆ ಕೊಡಿಸಬಹುದು. ತಪ್ಪಾಗಿ ತೆಗೆದಿದ್ದರೆ ಹಿಂಬಾಕಿ ಸಹಿತ ಮರುನೇಮಕವೇ ಸಾಮಾನ್ಯ ನಿಯಮ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅರ್ಧ ಹಿಂಬಾಕಿ, ಅಥವಾ ಕೆಲಸದ ಬದಲು ಒಂದೇ ಮೊತ್ತದ ಪರಿಹಾರ ಕೊಡುವ ತೀರ್ಪುಗಳೂ ಬೇಕಾದಷ್ಟಿವೆ, ಅದರಲ್ಲೂ ದಿನಗೂಲಿಯವರ ವಿಷಯದಲ್ಲಿ.

ಕೇಸ್ ನಡೆಯುವಾಗ ಬೇರೆ ಕಡೆ ಕೆಲಸ ಮಾಡಬಹುದಾ?

ಮಾಡಿ. ಮಕ್ಕಳಿಗೆ ಊಟ ಹಾಕಬೇಕಲ್ವಾ? ಹಿಂಬಾಕಿ ಲೆಕ್ಕ ಹಾಕುವಾಗ ಕೋರ್ಟ್ ಆ ಸಂಪಾದನೆಯನ್ನು ನೋಡುತ್ತದೆ, ಅಷ್ಟೇ. ಕೇಳಿದಾಗ ಸುಳ್ಳು ಹೇಳಬೇಡಿ. ಪಿಎಫ್ ದಾಖಲೆ ತೆಗೆದರೆ ಗೊತ್ತಾಗಿಬಿಡುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ನಾಳೆ ಬೆಳಿಗ್ಗೆ ಲೇಬರ್ ಆಫೀಸಿಗೆ ಹೋಗಬೇಕು. ಏನೇನು ತೆಗೆದುಕೊಂಡು ಹೋಗಲಿ?

ಅರ್ಜಿಯ ಎರಡು ಪ್ರತಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ಸೈನ್, ತಾರೀಖು ಹಾಕಿಸಿಕೊಂಡು ವಾಪಸ್ ತರಬೇಕು. ಸೀಲ್ ಇಲ್ಲದ ಪ್ರತಿ ಹಿಡಿದುಕೊಂಡು ಬರಬೇಡಿ, ಕಾದಾದರೂ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಸೇರಿದ ತಾರೀಖು, ಮಾಡುತ್ತಿದ್ದ ಕೆಲಸ, ಕೊನೆಯ ಸಂಬಳ, ತೆಗೆದ ತಾರೀಖು, ಏನು ಬೇಕು ಅನ್ನುವುದು ಇರಲಿ. ಕಂಪನಿಯ ಪೂರ್ತಿ ವಿಳಾಸ ಬೇಕು, ಸಂಬಳದ ಚೀಟಿ ಮೇಲೆ ಇರುತ್ತದೆ. ಐಡಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪೋಸ್ಟ್ ರಸೀದಿ ಇವುಗಳ ಜೆರಾಕ್ಸ್ ಕೊಡಿ, ಒರಿಜಿನಲ್ ಯಾರಿಗೂ ಕೊಡಬೇಡಿ. ಕ್ಯಾಲೆಂಡರ್ ಇದ್ದರೆ ಅದನ್ನೂ ತನ್ನಿ, ಮಡಿಸಬೇಡಿ, ಸುತ್ತಿಕೊಂಡು ತನ್ನಿ.